ಒಲೆ ಬದಿಯ ಜಾಗ

ನಮ್ಮಣ್ಣ ತೇಸಿಕ್ ಬದುಕಿದ. ಊರಿಗೆ ಊರೇ ಹಾಗೆಂದು ಸಂತೋಷಪಟ್ಟಿತು. ಮೆಣಸಿನಕಾಯಿ ಸುಗ್ಗಿಯಲ್ಲಿ, ಗಿರಣಿಯ ಮುಂದೆ ಮೂಟೆಗಳು ಸಾಲುಗಟ್ಟಿ ಕೂತಿರುವಾಗ, ಬರೀ ಕೆಮ್ಮು ಎಂದುಕೊಂಡು ಓಡಾಡಿಕೊಂಡಿದ್ದ. ಮೆಣಸಿನ ಘಾಟಿಗೆ ಕೆಮ್ಮದ ಗಿರಣಿಯವನು ಯಾರಿದ್ದಾನೆ ಹೇಳಿ. ಒಂದು ಬೆಳಗ್ಗೆ ತುಟಿ ನೀಲಿಗಟ್ಟಿ, ಪುಡಿ ತುಂಬುತ್ತಿದ್ದ ತೊಟ್ಟಿಯ ಪಕ್ಕದಲ್ಲೇ ಕುಸಿದ. ಚೋಂಗ್ಜು ಪಟ್ಟಣದ ದೊಡ್ಡಾಸ್ಪತ್ರೆಯವರು ಎದೆಯ ಸೋಂಕು ರಕ್ತಕ್ಕಿಳಿದಿದೆ ಎಂದರು. ಗಂಟಲಿಗೆ ಕೊಳವೆ ಇಳಿಸಿ, ನಿದ್ದೆ ಬರಿಸಿ, ಯಂತ್ರದಿಂದ ಉಸಿರಾಡಿಸಿದರು. ತಿಂಗಳ ಹತ್ತಿರ ಐಸಿಯುನಲ್ಲಿ ಮಲಗಿದ್ದವನು ಕಡೆಗೂ ಕಣ್ಣು ಬಿಟ್ಟ.

ಅತ್ತಿಗೆ ಹ್ವಾಜಾ ಅವನ ಕೈ ಹಿಡಿದುಕೊಂಡು, "ರೀ, ನಾನು ಕಣ್ರೀ. ನನ್ನ ಕೈ ಒಂದ್ಸಲ ಒತ್ತಿ," ಎಂದಳು.

ಅಣ್ಣ ಅವಳ ಮುಖವನ್ನೇ ನೋಡಿದ. ಕೈ ಅವಳ ಕೈಯಲ್ಲಿ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು.

ನಾನು ಗೀಸುನ್, ಅವನ ತಂಗಿ. ಗಂಡನ ಮನೆ ಬಿಟ್ಟು ಬಂದು ಅಣ್ಣನ ಜೊತೆ ಗಿರಣಿ ನೋಡಿಕೊಂಡಿದ್ದವಳು. ಅತ್ತಿಗೆಯೂ ನಾನೂ ಒಂದೇ ವಾರಗೆಯವರು, ಹಾಗಾಗಿ ಅತ್ತಿಗೆ ಎಂದು ಕರೆದರೂ ಮಾತು ಏಕವಚನದಲ್ಲೇ. ಆವತ್ತು ಡಾಕ್ಟರನ್ನು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದವಳು ನಾನೇ.

"ಕಾಯಿಲೆ ವಾಸಿ ಆಯ್ತು ಅಂತೀರಿ. ಒಂದು ಬೆರಳೂ ಅಲ್ಲಾಡ್ತಿಲ್ವಲ್ಲ?"

"ಕಾಯಿಲೆ ಜೋರಾಗಿದ್ದಾಗ ಕೈಕಾಲಿನ ನರಗಳು ಪೆಟ್ಟು ತಿಂದಿವೆ," ಎಂದರು ಡಾಕ್ಟರು. "ಐಸಿಯುನಲ್ಲಿ ಹೆಚ್ಚು ದಿನ ಇದ್ದೋರಲ್ಲಿ ಇದನ್ನ ನೋಡ್ತೀವಿ. ಯಾರ ತಪ್ಪೂ ಅಲ್ಲ."

"ಯಾರ ತಪ್ಪು ಅಂತ ಕೇಳಲಿಲ್ಲ. ವಾಪಸ್ ಬರುತ್ತಾ?"

"ಕೆಲವರಿಗೆ ಬರುತ್ತೆ, ಕೆಲವರಿಗೆ ಬರಲ್ಲ. ನರ ಬೆಳೆಯೋದು ತುಂಬಾ ನಿಧಾನ. ಮೊದಲು ಕೈಗೆ ಬರಬಹುದು, ಪಾದಕ್ಕೆ ಕೊನೇಲಿ. ಚುಚ್ಚಿದ ಹಾಗೆ, ಉರಿದ ಹಾಗೆ ಆಗೋಕೆ ಶುರುವಾದ್ರೆ ನರ ಎಚ್ಚರ ಆಗ್ತಿರಬಹುದು. ಅಲ್ಲೀವರೆಗೂ ಪಾದಕ್ಕೆ ಬಿಸಿ ಯಾವುದು, ತಣ್ಣಗೆ ಯಾವುದು ಗೊತ್ತಾಗಲ್ಲ. ಹುಷಾರಾಗಿ ನೋಡ್ಕೊಳ್ಳಿ."

ಅತ್ತಿಗೆ ಈ ಮಾತನ್ನು ಎದೆಗೆ ಬರೆದುಕೊಂಡಳು. ಕೂಲಿಗೆ ಆರೈಕೆಯವರನ್ನು ಇಟ್ಟುಕೊಳ್ಳಲಿಲ್ಲ. ಅಣ್ಣನ ಮಂಚದ ಬುಡದಲ್ಲಿ ಮೊಣಕಾಲೆತ್ತರದ ಬೆಂಚಿನ ಮೇಲೆ ಮಲಗುತ್ತ, ಅವನನ್ನು ಮಗ್ಗುಲಾಗಿಸುತ್ತ, ಒರೆಸುತ್ತ, ಉಣ್ಣಿಸುತ್ತ ಅಲ್ಲೇ ಉಳಿದಳು. ಮೈ ಒರೆಸುವ ನೀರನ್ನು ಮೊದಲು ತನ್ನ ಮೊಣಕೈಗೆ ಸುರಿದುಕೊಂಡು ನೋಡುವಳು. ಮನೆಯಲ್ಲಿ ಅಮ್ಮ ಮೂಳೆ ಸಾರು ಕುದಿಸಿ, ಮೂಲಂಗಿಯ ಕಿಮ್ಚಿ ಉಪ್ಪಿನಕಾಯಿ ಹೆಚ್ಚಿ, ಡಬ್ಬಿ ಕಟ್ಟುವಳು. ಅಣ್ಣನ ಮಗಳು ಬೋರಾಮ್ ಚೋಂಗ್ಜುವಿನಲ್ಲೇ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ವಾರಕ್ಕೊಮ್ಮೆ ಬಂದು ಡಬ್ಬಿ ಒಯ್ಯುವಳು.

ಅಮ್ಮ ಒಮ್ಮೆ ತಾನೇ ಬರುತ್ತೇನೆಂದು ಹಟ ಹಿಡಿದು ಬಂದಳು. ಎಂಬತ್ತು ದಾಟಿದ ಜೀವ, ಬೆನ್ನು ಕುಡುಗೋಲಿನಂತೆ ಬಾಗಿದೆ, ಬಾಯಿ ಮಾತ್ರ ನೆಟ್ಟಗಿದೆ. ಮಗನ ಪಾದ ಮುಟ್ಟಿ ನೋಡಿ ಹೌಹಾರಿದಳು.

"ಅಯ್ಯೋ, ಮಂಜುಗಡ್ಡೆ! ಹ್ವಾಜಾ, ಇಷ್ಟು ದಿನ ಏನೇ ಮಾಡ್ತಿದ್ದೆ ನೀನು? ಗಂಡನ ಕಾಲು ಹೀಗೆ ತಣ್ಣಗಿದ್ರೆ ರಕ್ತ ಹೇಗೆ ಓಡುತ್ತೆ?" ಎನ್ನುತ್ತ ಚೀಲದಿಂದ ಬಿಸಿನೀರಿನ ರಬ್ಬರ್ ಚೀಲ ತೆಗೆದಳು.

ಅತ್ತಿಗೆ ಅದನ್ನು ಕಿತ್ತುಕೊಂಡಳು. "ಇದೆಲ್ಲ ಬೇಡ ಅಂದಿದ್ದಾರೆ ಡಾಕ್ಟರು. ಸುಟ್ಟರೆ ಇವರಿಗೆ ಗೊತ್ತಾಗಲ್ಲ."

"ಮೂರು ಹೆತ್ತವಳು ನಾನು. ಬಿಸಿ ಎಷ್ಟು, ಬೆಚ್ಚಗೆ ಎಷ್ಟು ಅಂತ ನಿನ್ನಿಂದ ಕಲೀಬೇಕಾ?"

"ನೀವು ಹೆತ್ತಿದ್ದೀರಿ, ಈಗ ಹೊರ್ತಿರೋಳು ನಾನು. ಆ ಚೀಲ ತಗೊಂಡು ನಿಮ್ಮ ಸೊಂಟಕ್ಕೆ ಇಟ್ಕೊಳ್ಳಿ, ಅತ್ತೆ."

"ಕೇಳಿಸ್ಕೊಂಡೆಯೇನೋ, ತೇಸಿಕ್? ನಿನ್ನ ಹೆಂಡತಿ ಮಾತು ಕೇಳಿಸ್ಕೊಂಡೆಯಾ?"

"ಕಿವಿ ನರ ಚೆನ್ನಾಗಿದೆ ಅಮ್ಮ," ಎಂದ ಅಣ್ಣ. ನಾವೆಲ್ಲ ನಕ್ಕುಬಿಟ್ಟೆವು. ಆಸ್ಪತ್ರೆ ಸೇರಿದ ಮೇಲೆ ಅವನು ಮಾಡಿದ ಮೊದಲ ತಮಾಷೆ ಅದು.

ಅಲ್ಲಿಂದ ವ್ಯಾಯಾಮ ಮಾಡಿಸುವ ಇನ್ನೊಂದು ಆಸ್ಪತ್ರೆಗೆ ಹಾಕಿದರು. ಅಲ್ಲಿ ಕೈ ನಿಜಕ್ಕೂ ಸ್ವಲ್ಪ ಸ್ವಲ್ಪವೇ ಚೇತರಿಸಿಕೊಂಡಿತು. ಚಮಚವನ್ನು ಅಂಗೈಗೆ ಪಟ್ಟಿಯಿಂದ ಕಟ್ಟಿದರೆ ಗಂಜಿಯನ್ನು ಬಾಯಿಗೆ ಮುಟ್ಟಿಸುವನು, ಅರ್ಧ ಗದ್ದದ ಮೇಲೆ ಚೆಲ್ಲುವನು. ಕಾಲು ಮಾತ್ರ ಸತ್ತ ಹಾಗೇ ಇತ್ತು. ಪಾದ ಎತ್ತಿ ಬಿಟ್ಟರೆ ಧೊಪ್ಪೆಂದು ಬೀಳುತ್ತಿತ್ತು. ಅವನು ಅದನ್ನು ಬೇರೆ ಯಾರದೋ ಸಾಮಾನಿನ ಹಾಗೆ ನೋಡುತ್ತಿದ್ದ.

"ಕೈ ಇಷ್ಟೇ ಇದ್ರೂ ಪರವಾಗಿಲ್ಲ ಗೀಸುನ್," ಎಂದ ಒಂದು ದಿನ. "ಕಾಲು ಬರಲಿ. ಗಿರಣಿ ಕೆಲಸ ನಿಂತು ಮಾಡೋ ಕೆಲಸ. ಯಂತ್ರದ ಮುಂದೆ ನಿಲ್ಲೋ ಅಷ್ಟು ಬಂದ್ರೆ ಸಾಕು, ಉಳಿದದ್ದು ನೀನು ಮಾಡು."

"ಇಷ್ಟು ದಿನ ಮತ್ಯಾರು ಮಾಡ್ತಿದ್ದಿದ್ದು?" ಎಂದೆ ನಾನು. ಹೊರಗೆ ಬಂದು ಮೂಗು ಒರೆಸಿಕೊಂಡೆ.

ಚಳಿಗಾಲದ ಕೊನೆಗೆ ಬರುವ ಚಾಂದ್ರಮಾನ ಹೊಸವರ್ಷ ಹತ್ತಿರವಾದಾಗ ಆ ಆಸ್ಪತ್ರೆಯಲ್ಲಿ ಇರಗೊಡುವ ಅವಧಿ ಮುಗಿಯಿತು. ಇನ್ನೊಂದು ಕಡೆ ಹಾಸಿಗೆ ಸಿಗುವುದು ಹಬ್ಬ ಕಳೆದ ಮೇಲೆ. ನಡುವಿನ ದಿನಗಳಿಗೆ ಅಣ್ಣನನ್ನು ಮನೆಗೆ ಕರೆತಂದೆವು. ಬೋರಾಮ್‌ಗೆ ಇದು ಇಷ್ಟವಿರಲಿಲ್ಲ.

"ವೃದ್ಧರ ಆಸ್ಪತ್ರೇಲಿ ಅಪ್ಪನ್ನ ಹದಿನೈದು ದಿನ ಇಟ್ಕೊಳ್ತಾರೆ. ವಿಚಾರಿಸಿದೀನಿ. ಅಮ್ಮಾನೂ ಒಂಚೂರು ಬೆನ್ನು ನೀಡ್ಕೋಬಹುದು," ಎಂದಳು ಊಟದ ಹೊತ್ತಿನಲ್ಲಿ.

ಅಮ್ಮ ಚಾಪ್‌ಸ್ಟಿಕ್ಕು ಕೆಳಗಿಟ್ಟಳು. "ಹಬ್ಬದ ದಿನ ಮನೆ ಯಜಮಾನನ್ನ ಮುದುಕರ ಕೊಟ್ಟಿಗೆಗೆ ಕಟ್ಟಿ ಬರ್ತೀಯಾ? ಹಿರಿಯರಿಗೆ ಎಡೆ ಇಡೋರು ಯಾರು, ನೀನಾ?"

"ಇಟ್ರೆ ಏನಾಗುತ್ತೆ?"

"ಬಾಯಿ ಮುಚ್ಕೊಂಡು ತಿನ್ನು."

"ಬಾಯಿ ಮುಚ್ಕೊಂಡು ತಿನ್ನೋದು ಹೇಗೆ ಅಜ್ಜಿ, ತೋರಿಸಿಕೊಡು."

ಅತ್ತಿಗೆಯೂ ಈ ಸಲ ಅಮ್ಮನ ಪಕ್ಷವೇ ಆದಳು. ಅವಳಿಗೂ ಗಂಡನನ್ನು ಮನೆಯಲ್ಲಿ ನೋಡುವ ಆಸೆ. ಬಾಡಿಗೆಗೆ ಆಸ್ಪತ್ರೆ ಮಂಚ ತಂದು ಮುಂದಿನ ಕೋಣೆಯಲ್ಲಿ ಹಾಕಿದೆವು. ಅತ್ತಿಗೆ ಮನೆಯನ್ನೆಲ್ಲ ಜಾಲಾಡಿದಳು. ವಿದ್ಯುತ್ ಹಾಸು, ರಬ್ಬರ್ ಚೀಲ, ಅಮ್ಮ ಮಂಡಿನೋವಿಗೆ ಚರ್ಮದ ಮೇಲಿಟ್ಟು ಸುಟ್ಟುಕೊಳ್ಳುವ ಮಾಚಿಪತ್ರೆಯ ಉಂಡೆ, ಮೇಜಿನ ಕೆಳಗಿನ ಹೀಟರು, ಎಲ್ಲವನ್ನೂ ಮೂಟೆ ಕಟ್ಟಿ ಗಿರಣಿಯ ಅಟ್ಟಕ್ಕೆ ಹಾಕಿ ಬೀಗ ಹಾಕಿದಳು. ಬೀಗದ ಕೈ ತನ್ನ ಕುತ್ತಿಗೆಗೆ ಕಟ್ಟಿಕೊಂಡಳು. ಅಮ್ಮ ಮೂರು ದಿನ ಅವಳ ಜೊತೆ ಮಾತು ಬಿಟ್ಟಳು.

ಹಬ್ಬದ ಹಿಂದಿನ ವಾರ ಗಿರಣಿಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಊರವರೆಲ್ಲ ನೆನೆಸಿದ ಅಕ್ಕಿ ಹೊತ್ತು ತಂದು ಸರದಿಯಲ್ಲಿ ಕೂರುತ್ತಾರೆ. ನಾನು ಹಬೆಯಲ್ಲಿ ಬೇಯಿಸಿದ ಹಿಟ್ಟನ್ನು ಯಂತ್ರಕ್ಕೆ ತುಂಬುವೆ. ಉದ್ದುದ್ದ ಬಿಳಿ ಕಡುಬು ಹೊಗೆಯಾಡುತ್ತ ತಣ್ಣೀರಿಗೆ ಇಳಿಯುವುದು, ಬೋರಾಮ್ ಕತ್ತರಿಸುವಳು. ಅಣ್ಣ ಗಾಲಿಕುರ್ಚಿಯಲ್ಲಿ ಬಾಗಿಲ ಬಳಿ ಕೂತು ಯಜಮಾನಿಕೆ ಮಾಡುವನು.

"ಹಿಟ್ಟು ಇನ್ನೊಂದು ಸಲ ಹಾಕು. ನುಣ್ಣಗಾಗಿಲ್ಲ."

"ಅಲ್ಲಿಂದ ಕಾಣ್ಸುತ್ತಾ ನಿಂಗೆ?"

"ಸದ್ದಲ್ಲೇ ಗೊತ್ತಾಗುತ್ತೆ."

ಸರಿಯಾಗಿಯೇ ಹೇಳಿದ್ದ, ಹಾಳಾದವನು. ಸರದಿಯಲ್ಲಿದ್ದ ಹೆಂಗಸರೆಲ್ಲ "ಹಬ್ಬ ಕಳೆದ ಮೇಲೆ ಎದ್ದು ನಿಲ್ತೀಯ ಬಿಡು" ಎಂದು ಬೆನ್ನು ತಟ್ಟಿ ಹೋಗುವರು. ಅವನ ಮುಖಕ್ಕೆ ಬಣ್ಣ ಬಂದಿತ್ತು. ಆ ವಾರ ನಮ್ಮ ಮನೆ ಮೊದಲಿನ ಹಾಗೇ ಗಲಾಟೆಯಾಗಿತ್ತು.

ಹಬ್ಬದ ಬೆಳಗ್ಗೆ ಹಿರಿಯರಿಗೆ ಎಡೆ ಇಟ್ಟದ್ದಾಯಿತು. ಮಕ್ಕಳು ನೆಲಕ್ಕೆ ಬಾಗಿ ದೊಡ್ಡವರಿಗೆ ನಮಸ್ಕಾರ ಮಾಡುವ ಹೊತ್ತು. ಮಂಚದ ಮೇಲೆ ಒರಗಿದ್ದ ಅಣ್ಣ ಇದ್ದಕ್ಕಿದ್ದಂತೆ, "ನನ್ನ ನೆಲದ ಮೇಲೆ ಇಳಿಸಿ," ಎಂದ. "ಮಗಳ ನಮಸ್ಕಾರಾನ ಮಂಚದ ಮೇಲೆ ಮಲ್ಕೊಂಡು ತಗೊಳ್ಳೋಕೆ ನಾನೇನು ಹೆಣಾನಾ? ಎಷ್ಟು ತಿಂಗಳಾಯ್ತು, ಬೆನ್ನು ನೆಲ ಕಂಡಿಲ್ಲ."

ಅಮ್ಮನ ಕೋಣೆ ಮನೆಯ ಹಳೆಯ ಭಾಗ. ಅಲ್ಲಿಗೆ ಈಗಲೂ ಹೊರಗಿನಿಂದ ಕಟ್ಟಿಗೆ ಒಲೆ. ಅದರ ಹೊಗೆ, ಶಾಖ ನೆಲದ ಕಲ್ಲುಗಳ ಕೆಳಗೆ ಹಾದುಹೋಗುತ್ತದೆ. ಒಲೆ ಬದಿಯ ಮೂಲೆಯಲ್ಲಿ ನೆಲಕ್ಕೆ ಅಂಟಿಸಿದ ಎಣ್ಣೆಕಾಗದ ಕಂದುಗಟ್ಟಿದೆ. ಆ ಜಾಗ ಮೊದಲು ನಮ್ಮಜ್ಜನದು, ಆಮೇಲೆ ಅಪ್ಪನದು, ಅವನು ಹೋದ ಮೇಲೆ ಅಮ್ಮನದು. ಮನೆಗೆ ಬಂದ ನೆಂಟರಿಗೆ, ಬಾಣಂತಿಗೆ, ಕಾಯಿಲೆಯವರಿಗೆ ಅದನ್ನೇ ಬಿಟ್ಟುಕೊಡುವುದು ಮರ್ಯಾದೆ. ಬೋರಾಮ್ ಹುಟ್ಟಿದಾಗ ಅತ್ತಿಗೆ ಬಾಣಂತನಕ್ಕೆ ಬೆನ್ನು ಕಾಸಿಕೊಂಡದ್ದೂ ಅಲ್ಲೇ.

"ನನ್ನ ಜಾಗದಲ್ಲಿ ಮಲಗಿಸಿ," ಎಂದಳು ಅಮ್ಮ. ಯಾರೂ ಬೇಡವೆನ್ನಲಿಲ್ಲ. ಅಟ್ಟಕ್ಕೆ ಬೀಗ ಹಾಕಿದ ಅತ್ತಿಗೆಯೇ ಕಂಕುಳಿಗೆ ಕೈಕೊಟ್ಟು ಅವನನ್ನು ಇಳಿಸಿದಳು. ತೆಳ್ಳನೆ ಹಾಸಿಗೆ ಹಾಸಿದಳು. ಬಲ ಹಿಮ್ಮಡಿಯಲ್ಲಿ ಆಸ್ಪತ್ರೆಯಲ್ಲಿ ಮಲಗಿ ಮಲಗಿ ಆದ ಹುಣ್ಣು ಮಾಯುತ್ತಿತ್ತು. ಅದಕ್ಕೆ ಆ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟಳು. ಎಡಗಾಲು ಹಾಸಿಗೆ ದಾಟಿ ನೆಲದ ಮೇಲೆ ಚಾಚಿಕೊಂಡಿತ್ತು. ಬಿಸಿಯ ಸಾಮಾನನ್ನೆಲ್ಲ ಹುಡುಕಿ ಹುಡುಕಿ ಬೀಗ ಹಾಕಿದವಳಿಗೆ ನೆಲ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ನೆಲವೆಂದರೆ ನಮಗೆ ನೆಲ, ಅಷ್ಟೇ. ಬಿಸಿಯಿಲ್ಲದ ನೆಲವನ್ನು ಕಂಡವರಾರು?

ಬೋರಾಮ್ ನಮಸ್ಕಾರ ಮಾಡಿ ಅಪ್ಪನಿಗೆ ಹೊಸ ಉಣ್ಣೆ ಕಾಲ್ಚೀಲ ಉಡುಗೊರೆ ಕೊಟ್ಟಳು. ಅಮ್ಮ ತಾನೇ ತೊಡಿಸಿ, ಮೇಲೆ ರಜಾಯಿ ಹೊದಿಸಿದಳು. ಕಡುಬಿನ ಸಾರು ಕುಡಿದು ಅಣ್ಣ ಗೊರಕೆ ಹೊಡೆದ. ಎದ್ದಮೇಲೆ ಮಂಚಕ್ಕೆ ಹೋಗಲು ಒಪ್ಪಲಿಲ್ಲ. ಇಲ್ಲೇ ಹಾಯಾಗಿದೆ ಎಂದ. ಆ ರಾತ್ರಿಯೂ ಅಲ್ಲೇ ಮಲಗಿದ.

ಮಾರನೆಯ ದಿನ ಮಧ್ಯಾಹ್ನ ನಾವು ಹೆಂಗಸರು ಉಳಿದ ಕಡುಬು ಹೆಚ್ಚುತ್ತ ಕೂತಿದ್ದೆವು. ಅಣ್ಣ ಮೆಲ್ಲಗೆ, "ಹ್ವಾಜಾ," ಎಂದ. "ಕಾಲು ಉರಿದ ಹಾಗಾಗ್ತಿದೆ ಕಣೇ."

ಅತ್ತಿಗೆಯ ಕೈಯಿಂದ ಚಾಕು ಜಾರಿತು. "ಏನಂದ್ರಿ?"

"ಉರಿ. ಒಳಗೆಲ್ಲೋ. ಎಡಗಾಲಲ್ಲಿ ಜಾಸ್ತಿ."

"ಅಯ್ಯೋ ಗೀಸುನ್! ಉರಿಯಂತೆ! ಡಾಕ್ಟರು ಅದೇ ಅಲ್ವಾ ಹೇಳಿದ್ದು?"

ಆ ಸಂಭ್ರಮವನ್ನು ಹೇಗೆ ಹೇಳಲಿ. ಅತ್ತಿಗೆ ಅಣ್ಣನ ಎದೆಗೆ ಮುಖವಿಟ್ಟು ಹೋ ಎಂದು ಅತ್ತಳು. ಬೋರಾಮ್ ಅಪ್ಪನ ಕೆನ್ನೆಗೆ ಮುತ್ತಿಟ್ಟಳು. ಅಮ್ಮ ತಟ್ಟೆಯಲ್ಲಿ ಕಡುಬು ಹಾಕಿಕೊಂಡು, ಬಾಗಿದ ಬೆನ್ನಲ್ಲೇ ಓಡುತ್ತ, ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚಿ ಬಂದಳು. "ನನ್ನ ಮಗನ ಕಾಲಿಗೆ ಜೀವ ಬಂತು! ಬೆಚ್ಚನೆ ಜಾಗ ಸಿಕ್ತಲ್ಲ, ಎರಡೇ ದಿನಕ್ಕೆ ಕರಗಿಹೋಯ್ತು. ಆಸ್ಪತ್ರೆಯೋರು ನಾಲ್ಕು ತಿಂಗಳಲ್ಲಿ ಏನು ಕಿಸಿದ್ರು?"

ಸಂಜೆ ಮತ್ತೆ ಕೇಳಿದೆವು. "ಇನ್ನೂ ಉರೀತಿದೆಯಾ?"

"ಉರೀತಿದೆ."

"ದೇವರು ದೊಡ್ಡವನು," ಎಂದಳು ಅತ್ತಿಗೆ. ಹುಟ್ಟಿದ್ದು ದೇವರನ್ನೇ ನಂಬದ ಮನೆಯಲ್ಲಿ. ಅಮ್ಮ ಹೊರಗೆ ಹೋಗಿ ಒಲೆಗೆ ಇನ್ನೆರಡು ಓಕ್ ಕೊರಡು ತಳ್ಳಿದಳು. ಅತ್ತೆ ಸೊಸೆ ಒಂದೇ ಬಟ್ಟಲಿನಿಂದ ಸಿಹಿ ಅನ್ನದ ಪಾನಕ ಕುಡಿದರು.

ಮೂರನೆಯ ಬೆಳಗ್ಗೆ ಅತ್ತಿಗೆ ಮೈ ಒರೆಸಲೆಂದು ಕಾಲ್ಚೀಲ ಎಳೆದಳು. ಬಲಗಾಲಿನದು ಬಂತು. ಎಡದ್ದು ಬರಲಿಲ್ಲ, ಹಿಮ್ಮಡಿಗೆ ಅಂಟಿತ್ತು. ನೀರು ಹಾಕಿ ಬಿಡಿಸಿದಾಗ ಚರ್ಮವೂ ಜೊತೆಗೆ ಬಂತು. ಒಳಗೆ ಕೆಂಪಿರಲಿಲ್ಲ. ಬೆಂದ ಮಾಂಸದ ಬಿಳಿ, ಅಂಚಿನಲ್ಲಿ ಕಂದು.

"ಏನಾಯ್ತೇ?" ಎಂದ ಅಣ್ಣ. ಅವಳು ಬೆರಳಿಟ್ಟದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

ಅತ್ತಿಗೆ ಅಂಗೈಯನ್ನು ನೆಲಕ್ಕೆ ಒತ್ತಿದಳು. ಹಿಂದಕ್ಕೆಳೆದುಕೊಂಡಳು. ಮತ್ತೆ ಒತ್ತಿದಳು. ಆಮೇಲೆ ಕೂಗಿದ ಕೂಗಿಗೆ ಗಿರಣಿಯಲ್ಲಿದ್ದ ನಾನು ಓಡಿ ಬಂದೆ.

ಚೋಂಗ್ಜುವಿನ ತುರ್ತು ವಿಭಾಗದಲ್ಲಿ ನೋಡಿದ ಹುಡುಗ ಡಾಕ್ಟರು ಸುಟ್ಟದ್ದು ಮೂಳೆಯವರೆಗೂ ಇಳಿದಿದೆ ಎಂದರು. "ಉರಿ ಅಂದಿದ್ದು ನರ ಚಿಗುರಿದ್ದಕ್ಕಾ, ಸುಟ್ಟಿದ್ದಕ್ಕಾ?" ಎಂದು ಬೋರಾಮ್ ಕೇಳಿದಳು. ಎರಡೂ ಇರಬಹುದು, ಈಗ ಹೇಳಲು ಬಾರದು ಎಂದರು.

ಆ ಸಂಜೆ ಬಟ್ಟೆ ಒಯ್ಯಲು ಮನೆಗೆ ಬಂದ ಅತ್ತಿಗೆ ಚಪ್ಪಲಿಯನ್ನೂ ಬಿಡದೆ ಅಮ್ಮನ ಕೋಣೆಗೆ ನುಗ್ಗಿದಳು.

"ಕೈಯಾರೆ ಸುಟ್ಟುಬಿಟ್ರಲ್ಲ ಅತ್ತೆ! ಹೆತ್ತ ಮಗನ್ನ ಮೀನು ಸುಟ್ಟ ಹಾಗೆ ಸುಟ್ಟುಬಿಟ್ರಲ್ಲ!"

"ನಾನು ಸೌದೆ ಇಟ್ಟಿದ್ದು ಒಲೆಗೆ ಕಣೇ," ಎಂದಳು ಅಮ್ಮ. "ನಿಂಗೆ ಡಾಕ್ಟರು ಹೇಳಿದ್ರಲ್ಲ, ನೀನೇ ತಾನೇ ಮಲಗಿಸಿದ್ದು? ಎರಡು ದಿನ ಕಾಲ್ಚೀಲ ಯಾಕೆ ತೆಗೀಲಿಲ್ಲ?"

"ಚಳಿ ಆಗುತ್ತೆ, ತೆಗೀಬೇಡ ಅಂದಿದ್ದು ಯಾರು?"

"ಹೌದು, ನಾನೇ! ನಾನೇ ಅಂದೆ! ನನ್ನ ಜಾಗ ಕೊಟ್ಟೆ, ನನ್ನ ಸೌದೆ ಹಾಕಿದೆ, ನಾನೇ ತಿಂದೆ ಅವನ್ನ! ಈಗೇನು, ನನ್ನನ್ನೂ ಅಲ್ಲೇ ಮಲಗಿಸಿ ಬೆಂಕಿ ಹಾಕು, ಬಾ!"

"ಸಾಕು ನಿಲ್ಲಿಸಿ ಇಬ್ರೂ!" ಎಂದು ಬೋರಾಮ್ ಚೀರಿದಳು. "ಕಾಲ್ಚೀಲ ತಂದೋಳು ನಾನು. ನನ್ನೂ ಸೇರಿಸ್ಕೊಳ್ಳಿ."

ಅತ್ತಿಗೆ ಬಟ್ಟೆಯ ಗಂಟು ಎತ್ತಿಕೊಂಡು ಹೋದಳು. ಅಮ್ಮ ಆ ದಿನದಿಂದ ಹೊರಗಿನ ಮರದ ಜಗಲಿಯಲ್ಲಿ ಮಲಗತೊಡಗಿದಳು. ನಾನು ಬೈದೆ, ಕೈಮುಗಿದೆ, ಕೇಳಲಿಲ್ಲ.

ಗಾಯ ಮಾಯಲಿಲ್ಲ. ದಿನ ಬಿಟ್ಟು ದಿನ ಕೆರೆದು ಕಟ್ಟಿದರು, ತೊಡೆಯ ಚರ್ಮ ತೆಗೆದು ಹಚ್ಚಿದರು, ಹಿಡಿಯಲಿಲ್ಲ. ಕೀವು ಮೂಳೆಗೆ ಸೇರಿ ಜ್ವರ ಏರಿತು. ಮತ್ತೊಮ್ಮೆ ರಕ್ತಕ್ಕೆ ಇಳಿದರೆ ಈ ಶರೀರ ತಡೆಯುವುದಿಲ್ಲ, ಮೊಣಕಾಲ ಕೆಳಗೆ ತೆಗೆಯಬೇಕು ಎಂದರು. ಅತ್ತಿಗೆ ಡಾಕ್ಟರ ಕೋಟು ಹಿಡಿದುಕೊಂಡು ಇನ್ನೊಂದು ವಾರ ನೋಡಿ ಎಂದು ಗೋಗರೆದಳು.

ಅಣ್ಣನೇ, "ತೆಗೀಲಿ ಬಿಡೇ," ಎಂದ. "ಅದು ಹೇಗಿದ್ರೂ ನನ್ನದಾಗಿರಲಿಲ್ಲ."

ತೆಗೆದರು. ಆಮೇಲೆ ಅವನು ತಮಾಷೆ ಮಾಡಲಿಲ್ಲ. ಗಿರಣಿಯ ಸುದ್ದಿ ಕೇಳಲಿಲ್ಲ. ವ್ಯಾಯಾಮದವರು ಬಂದರೆ ಗೋಡೆಗೆ ಮುಖ ಮಾಡುವನು. ಅತ್ತಿಗೆ ಬೇಡಿಕೊಂಡಳು, ಬೈದಳು, ಒಮ್ಮೆ ಸಿಟ್ಟಿಗೆ ಗಂಜಿಯ ಬಟ್ಟಲನ್ನೇ ಎಸೆದಳು. ಅವನು ನೋಡುತ್ತ ಮಲಗಿದ್ದ. ಒಬ್ಬಳೇ ಗಿರಣಿ ನಡೆಸಲು ನನ್ನಿಂದಾಗಲಿಲ್ಲ. ಊರವರು ಒಬ್ಬೊಬ್ಬರಾಗಿ, ನನ್ನ ಕಣ್ಣು ತಪ್ಪಿಸಿಕೊಂಡು, ಸಂತೆಬೀದಿಯ ಇನ್ನೊಂದು ಗಿರಣಿಗೆ ಎಳ್ಳು ಹೊರತೊಡಗಿದರು. ಅವರನ್ನು ಅಂದು ಏನು ಪ್ರಯೋಜನ.

ವಸಂತ ಬಂದಾಗ ಅಣ್ಣನ ನರಗಳನ್ನು ಮತ್ತೆ ಪರೀಕ್ಷೆ ಮಾಡಿದರು. ಉಳಿದ ಬಲಗಾಲಿಗೆ ತಂತಿ ಅಂಟಿಸಿ, ಸಣ್ಣಗೆ ವಿದ್ಯುತ್ ಕೊಟ್ಟು ನೋಡಿದರು. ಆಮೇಲೆ ಡಾಕ್ಟರು, "ಹೆಬ್ಬೆರಳು ಮೇಲೆತ್ತಿ," ಎಂದರು. ಅಣ್ಣ ಬೇಸರದಿಂದ ಕಣ್ಣು ಮುಚ್ಚಿಕೊಂಡ. ಬೆರಳು ಅಲ್ಲಾಡಿತು. ಒಂದು ಕಾಳಿನಷ್ಟು ಮೇಲೆದ್ದು ಕೆಳಗಿಳಿಯಿತು.

"ಬರ್ತಿದೆ," ಎಂದರು ಡಾಕ್ಟರು. "ನಿಧಾನ, ಆದರೆ ಬರ್ತಿದೆ."

ಕೋಣೆಯಲ್ಲಿ ಯಾರೂ ನಗಲಿಲ್ಲ. ಬೋರಾಮ್‌ಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಎಡಗಾಲು... ಇದ್ದಿದ್ರೆ?"

ಡಾಕ್ಟರು ಕಂಪ್ಯೂಟರಿನ ಕಡೆ ತಿರುಗಿದರು. "ಈ ತೊಂದರೆ ಎರಡೂ ಕಡೆ ಒಟ್ಟಿಗೇ ಬರುತ್ತೆ. ಹೋಗೋದೂ ಸಾಮಾನ್ಯವಾಗಿ ಒಟ್ಟಿಗೇ."

ಅಣ್ಣ ಬಲಗಾಲಿನ ಮೇಲೆ ಹೊದಿಕೆ ಎಳೆದುಕೊಂಡ. "ಅಮ್ಮನಿಗೆ ಹೇಳ್ಬೇಡಿ," ಎಂದ. ಎಷ್ಟೋ ವಾರದ ಮೇಲೆ ಅವನಾಗಿ ಆಡಿದ ಮಾತು ಅದೊಂದೇ.

ಆ ವಾರ ಅತ್ತಿಗೆ ಬಟ್ಟೆ ಒಗೆಯಲು ಮನೆಗೆ ಬಂದಳು. ಅಮ್ಮ ಅಂಗಳದಲ್ಲಿ ಹೊಲದಿಂದ ಕಿತ್ತು ತಂದ ಸೊಪ್ಪಿನ ಬೇರಿನ ಮಣ್ಣು ಕೆರೆಯುತ್ತ ಕೂತಿದ್ದಳು. ಹಬ್ಬದ ಜಗಳದ ಮೇಲೆ ಇಬ್ಬರೂ ಎದುರುಬದುರು ಮಾತಾಡಿರಲಿಲ್ಲ, ಏನಿದ್ದರೂ ನನ್ನ ಮೂಲಕವೇ.

ಅಮ್ಮ ತಲೆಯೆತ್ತದೆ, "ಗೀಸುನ್, ಪರೀಕ್ಷೆ ಏನಾಯ್ತಂತೆ ಕೇಳು," ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆಯೇ ಬಂದು ಅಮ್ಮನ ಎದುರು ಕುಕ್ಕರುಗಾಲಲ್ಲಿ ಕೂತಳು. "ಬಲಗಾಲಿನ ಬೆರಳು ಅಲ್ಲಾಡ್ತು, ಅತ್ತೆ," ಎಂದಳು. ಹೇಗಿದ್ದರೂ ಬೀದಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಿದ್ದರು.

ಅಮ್ಮನ ಕೈ ನಿಂತಿತು. "ಎಡಗಾಲೂ ಹಾಗೇ ಬರ್ತಿತ್ತಾ?"

"ಇಲ್ಲ ಅತ್ತೆ." ಅತ್ತಿಗೆ ಒಂದು ಹಿಡಿ ಸೊಪ್ಪು ತನ್ನ ಮಡಿಲಿಗೆ ಎಳೆದುಕೊಂಡಳು. "ಆ ಕಾಲಿನ ನರ ಮೊದಲೇ ಪೂರ್ತಿ ಹೋಗಿತ್ತಂತೆ. ಇದ್ರೂ ಬರ್ತಿರಲಿಲ್ಲವಂತೆ. ಡಾಕ್ಟರೇ ಹೇಳಿದ್ರು. ನೀವು ಅದನ್ನ ಮನಸ್ಸಿಗೆ ಹಚ್ಕೋಬೇಡಿ. ರಾತ್ರಿ ಇನ್ನೂ ಚಳಿ ಇದೆ, ಒಳಗೆ ಮಲಗಿ."

ಅಮ್ಮ ಅವಳ ಮುಖವನ್ನೇ ನೋಡಿದಳು. ನನ್ನ ಕಡೆ ತಿರುಗಲೂ ಇಲ್ಲ.

"ಹ್ವಾಜಾ. ಮೂವತ್ತು ವರ್ಷ ಆಯ್ತು, ನೀನು ಈ ಮನೆಗೆ ಬಂದು."

"ಹೂಂ."

"ಒಂದು ದಿನಾನೂ ನನ್ನ ಹತ್ರ ಇಷ್ಟು ಮೆತ್ತಗೆ ಮಾತಾಡಿದವಳಲ್ಲ ನೀನು."

ಅತ್ತಿಗೆ ಮಡಿಲಲ್ಲಿದ್ದ ಸೊಪ್ಪಿನ ಬೇರು ಕೆರೆಯತೊಡಗಿದಳು.

"ಹಾಗಾದ್ರೆ ಬರ್ತಿತ್ತು," ಎಂದಳು ಅಮ್ಮ.